ಕೇಳುವವನ ನಿಯ್ಯತ್ತು: ಇಮಾಮ್ ಗಝ್ಝಾಲಿಯವರ ಆತ್ಮಕಥನದ ಒಂದು ಓದು

ಪ್ರಯಾಣದಲ್ಲಿದ್ದ ಒಂದು ತಂಡದಲ್ಲಿ ಒಬ್ಬನ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ರಾತ್ರಿ ಅವನಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂತು. ಗಾಯಕ್ಕೆ ನೀರು ತಾಗಿದರೆ ಅಪಾಯ, ಸ್ನಾನದ ಬದಲು ತಯಮ್ಮುಮ್ ಮಾಡಿದರೆ ಸಾಕೇ ಎಂದು ಅವನು ಜೊತೆಗಿದ್ದವರನ್ನು ಕೇಳಿದ. ನೀರು ಇರುವಾಗ ಅದಕ್ಕೆ ಅವಕಾಶವಿಲ್ಲ ಎಂದರು ಅವರು. ಅವನು ಸ್ನಾನ ಮಾಡಿದ, ಸತ್ತುಹೋದ. ಸುದ್ದಿ ತಿಳಿದಾಗ ಪ್ರವಾದಿಯವರು(ಸ) ಸಿಟ್ಟಾದರು. ಸಿಟ್ಟು ಕೇಳಿದವನ ಮೇಲಲ್ಲ, ಉತ್ತರ ಹೇಳಿದವರ ಮೇಲೆ. ತಮಗೆ ತಿಳಿಯದಿದ್ದ ಮೇಲೆ ಅವರು ಕೇಳಬೇಕಿತ್ತು, ಅಜ್ಞಾನವೆಂಬ ಕಾಯಿಲೆಗೆ ಕೇಳುವುದೇ ಔಷಧ ಎಂಬರ್ಥದ ಮಾತು ಅಬೂ ದಾವೂದ್ ಅವರ ಹದೀಸ್ ಸಂಗ್ರಹದಲ್ಲಿರುವ ಈ ವರದಿಯಲ್ಲಿದೆ.

ಈ ಹದೀಸನ್ನು ನಮ್ಮ ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಇಸ್ಲಾಮ್ ಪ್ರಶ್ನೆಗಳಿಗೆ ಹೆದರುವ ಧರ್ಮವಲ್ಲ ಎಂದು ಸಾಬೀತುಪಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆದರೆ ಪ್ರವಚನ ಮುಗಿದ ಮೇಲೆ ಹದಿನಾರು ವರ್ಷದ ಹುಡುಗನೊಬ್ಬ ಎದ್ದು ನಿಂತು, ನಾನು ಮುಸ್ಲಿಮನಾಗಿರುವುದು ನನ್ನ ತಂದೆ ಮುಸ್ಲಿಮರಾಗಿದ್ದುದರಿಂದ ಮಾತ್ರವೇ ಎಂದು ಕೇಳಿದರೆ ಏನಾಗುತ್ತದೆ? ಅವನಿಗೆ ಮೊದಲು ಸಿಗುವುದು ಉತ್ತರವಲ್ಲ, ಇನ್ನೊಂದು ಪ್ರಶ್ನೆ: “ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?” ಇದು ಮುಸ್ಲಿಮರ ಮನೆಯ ಕಥೆ ಮಾತ್ರ ಎಂದು ಇತರ ಓದುಗರು ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ದೇವರ ಕೋಣೆಯ ಬಾಗಿಲಲ್ಲಿ ನಿಂತು ಇಂತಹ ಪ್ರಶ್ನೆ ಕೇಳಿದ ಹುಡುಗಿಗೂ ಹೆಚ್ಚು ಕಡಿಮೆ ಇದೇ ಮಾತು ಕೇಳಿಸಿರುತ್ತದೆ.

ಆ ಹುಡುಗನ ಪ್ರಶ್ನೆ ಹೊಸದಲ್ಲ. ಒಂಬತ್ತು ಶತಮಾನಗಳ ಹಿಂದೆ ಅದನ್ನು ಕೇಳಿದವರು ಇಮಾಮ್ ಗಝ್ಝಾಲಿ(ರಹ್). ಅವರ ಹೆಸರು ಹೇಳಿ ಪ್ರಶ್ನೆಗಳ ಬಾಯಿ ಮುಚ್ಚಿಸುವವರೂ, ಅವರಿಂದಾಗಿಯೇ ಮುಸ್ಲಿಮ್ ಜಗತ್ತಿನಲ್ಲಿ ವೈಚಾರಿಕತೆ ಸತ್ತಿತು ಎಂದು ದೂರುವವರೂ ‘ಅಲ್ ಮುನ್‌ಕಿದ್ ಮಿನದ್ದಲಾಲ್’ ಎಂಬ ಅವರ ಪುಟ್ಟ ಕೃತಿಯನ್ನು ನಿಧಾನವಾಗಿ ಓದಿದಂತೆ ಕಾಣುವುದಿಲ್ಲ. ದಾರಿ ತಪ್ಪುವುದರಿಂದ ಪಾರು ಮಾಡುವಂಥದ್ದು ಎಂದು ಹೆಸರಿನ ಅರ್ಥ. ಅರಬಿ ಬಾರದವರಿಗೆ ಮಾಂಟ್ಗೊಮರಿ ವಾಟ್ 1953ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವಿದೆ; 1980ರಲ್ಲಿ ಬಂದ ಮೆಕಾರ್ಥಿಯವರ ಅನುವಾದ ಅದಕ್ಕಿಂತ ವಿಸ್ತಾರವಾದ ಟಿಪ್ಪಣಿಗಳೊಂದಿಗಿದೆ. ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸಬಹುದಾದ ಪುಸ್ತಕ. ಓದಿ ಮುಗಿಸಿದ ಮೇಲೆ ಅದು ಸುಲಭವಾಗಿ ಬಿಡುವುದಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗಝ್ಝಾಲಿಯವರು ಹುಟ್ಟಿದ್ದು ಇಂದಿನ ಇರಾನಿನ ತೂಸ್‌ನಲ್ಲಿ, ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರ ಸುಮಾರಿಗೆ. ತಂದೆ ಬೇಗ ತೀರಿಕೊಂಡರು. ನೈಸಾಪುರದಲ್ಲಿ ಇಮಾಮ್ ಜುವೈನಿಯವರ ಬಳಿ ಕಲಿತರು. ಸೆಲ್ಜೂಕರ ಪ್ರಬಲ ಮಂತ್ರಿ ನಿಝಾಮುಲ್ ಮುಲ್ಕ್ ಅವರ ಆಸ್ಥಾನ ಸೇರಿ, 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಉಪಾಧ್ಯಾಯರಾದರು. ಆಗ ಅವರಿಗೆ ಮೂವತ್ತಮೂರು, ಮೂವತ್ನಾಲ್ಕು ವರ್ಷ. ಮುನ್ನೂರು ಮಂದಿ ವಿದ್ಯಾರ್ಥಿಗಳು. ನಾಲ್ಕೇ ವರ್ಷಗಳಲ್ಲಿ, 1095ರಲ್ಲಿ, ಎಲ್ಲವನ್ನೂ ಬಿಟ್ಟು ಹೊರಟರು. ಹನ್ನೊಂದು ವರ್ಷಗಳ ಏಕಾಂತದ ಬಳಿಕ 1106ರಲ್ಲಿ ನೈಸಾಪುರದಲ್ಲಿ ಮತ್ತೆ ಪಾಠ ಹೇಳತೊಡಗಿದರು. ಈ ಪುಸ್ತಕ ಬರೆದದ್ದು ಆ ಮೇಲೆ. ತೀರಿಕೊಂಡದ್ದು 1111ರಲ್ಲಿ, ತೂಸ್‌ನಲ್ಲೇ.

ಪುಸ್ತಕ ಶುರುವಾಗುವುದು ಒಂದು ಸಾಮಾನ್ಯ ನೋಟದಿಂದ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ ಬೆಳೆಯುತ್ತಾರೆ, ಯಹೂದಿಗಳ ಮಕ್ಕಳು ಯಹೂದಿಗಳಾಗಿಯೇ ಬೆಳೆಯುತ್ತಾರೆ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ. ಪ್ರತಿಯೊಂದು ಮಗು ಸಹಜ ಪ್ರಕೃತಿಯ ಮೇಲೆ ಹುಟ್ಟುತ್ತದೆ, ಅದನ್ನು ಯಹೂದಿ, ಕ್ರೈಸ್ತ ಅಥವಾ ಅಗ್ನಿಪೂಜಕನನ್ನಾಗಿಸುವವರು ತಂದೆ ತಾಯಿ ಎಂಬ ಹದೀಸನ್ನು ಗಝ್ಝಾಲಿಯವರು ಇಲ್ಲಿ ನೆನೆಯುತ್ತಾರೆ. ಈ ಹದೀಸನ್ನು ನಾವು ಓದುವ ರೀತಿಯೇ ಬೇರೆ. ನಮ್ಮ ಓದಿನಲ್ಲಿ ಅದು ಪಕ್ಕದ ಮನೆಯ ಮಕ್ಕಳ ಕುರಿತಾದದ್ದು. ಗಝ್ಝಾಲಿಯವರು ತಮ್ಮ ನೋಟದಲ್ಲಿ ಮುಸ್ಲಿಮ್ ಮಗುವನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದರು. ಹಾಗಾದರೆ ಹುಟ್ಟಿನೊಂದಿಗೆ ಬಂದದ್ದು ಯಾವುದು, ತಂದೆ ತಾಯಿಯಿಂದ, ಉಸ್ತಾದರಿಂದ ಕಿವಿಗೆ ಬಿದ್ದು ಅಂಟಿಕೊಂಡದ್ದು ಯಾವುದು? ತನ್ನ ಮನೆಗೆ ರಿಯಾಯಿತಿ ಕೊಡದೆ ಕೇಳಿದ ಪ್ರಶ್ನೆ ಇದು. ಇಡೀ ಕೃತಿಯಲ್ಲಿ ನನಗೆ ಅತ್ಯಂತ ಧೈರ್ಯದ್ದೆಂದು ಕಾಣುವ ಜಾಗವೂ ಇದೇ.

ಆ ಮೇಲಿನದು ಹಲವರಿಗೆ ಗೊತ್ತಿರಬಹುದು. ಖಚಿತ ಜ್ಞಾನ ಎಂದರೆ ಹತ್ತು ಮೂರಕ್ಕಿಂತ ದೊಡ್ಡದು ಎಂಬಷ್ಟು ಖಚಿತವಾಗಿರಬೇಕು ಎನ್ನುತ್ತಾರೆ ಅವರು. ಒಬ್ಬ ಬಂದು ಮೂರೇ ದೊಡ್ಡದು ಎಂದು ಹೇಳಿ, ಅದನ್ನು ತೋರಿಸಲು ಕೋಲನ್ನು ಹಾವಾಗಿಸಿದರೂ ತನಗೆ ಅವನ ಕೈಚಳಕದ ಬಗ್ಗೆ ಬೆರಗಾದೀತೇ ಹೊರತು ತನ್ನ ತಿಳಿವಿನ ಬಗ್ಗೆ ಸಂಶಯ ಹುಟ್ಟದು. ಈ ಅಳತೆಗೋಲು ಹಿಡಿದು ನೋಡಿದರೆ ಕೈಯಲ್ಲಿ ಉಳಿಯುವುದೇನು? ಕಣ್ಣನ್ನು ನಂಬೋಣವೆಂದರೆ ನೆರಳು ಅದಕ್ಕೆ ನಿಂತಂತೆ ಕಾಣುತ್ತದೆ, ಆದರೆ ನೆರಳು ಸದಾ ಚಲಿಸುತ್ತಿರುತ್ತದೆ. ನಕ್ಷತ್ರ ಒಂದು ದೀನಾರ್‌ನಷ್ಟು ಕಾಣುತ್ತದೆ, ಲೆಕ್ಕ ಹಾಕಿದರೆ ಅದು ಭೂಮಿಗಿಂತಲೂ ದೊಡ್ಡದು. ಕಣ್ಣಿನ ಸುಳ್ಳನ್ನು ಬುದ್ಧಿ ಹಿಡಿದುಕೊಟ್ಟಿತು. ಬುದ್ಧಿಯ ಸುಳ್ಳನ್ನು ಹಿಡಿಯುವ ಇನ್ನೊಂದು ಮೇಲಿನ ನ್ಯಾಯಾಧೀಶ ಇರಲಾರನೆಂದು ಹೇಗೆ ಹೇಳುವುದು? ಕನಸಿನಲ್ಲಿರುವಾಗ ಕನಸು ನಿಜವೆಂದೇ ತೋರುತ್ತದಲ್ಲ!

ಸುಮಾರು ಎರಡು ತಿಂಗಳು ಅವರು ಈ ಸ್ಥಿತಿಯಲ್ಲಿದ್ದರು. ಬಾಯಿಯಲ್ಲಿ ಏನನ್ನೂ ಆಡಲಿಲ್ಲ, ಒಳಗೆ ಮಾತ್ರ ಏನನ್ನೂ ನಂಬಲಾಗದವರಾಗಿದ್ದರು ಎಂದು ಅವರೇ ಹೇಳಿಕೊಳ್ಳುತ್ತಾರೆ. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಒಬ್ಬ ಆಲಿಮ್ ಎರಡು ತಿಂಗಳು ಯಾರಿಗೂ ಹೇಳದೆ ಈ ನೋವನ್ನು ಹೊತ್ತು ತಿರುಗಿದ್ದಾರೆ. ಅವರಿಗೇ ಹೇಳಿಕೊಳ್ಳಲು ಒಬ್ಬರು ಸಿಗಲಿಲ್ಲವೆಂದರೆ ನಮ್ಮ ಹದಿನಾರರ ಹುಡುಗನ ಗತಿ ಏನು?

ಈ ಕಾಯಿಲೆ ವಾಸಿಯಾದದ್ದು ತರ್ಕದಿಂದಲ್ಲ. ಅಲ್ಲಾಹನು ಎದೆಯೊಳಗೆ ಹಾಕಿದ ಒಂದು ಬೆಳಕಿನಿಂದ ಎನ್ನುತ್ತಾರೆ ಗಝ್ಝಾಲಿಯವರು. ಆಧುನಿಕ ಓದುಗ ಈ ಜಾಗದಲ್ಲಿ ನಿರಾಶನಾಗುತ್ತಾನೆ. ಇಷ್ಟು ದೂರ ಕೈಹಿಡಿದು ಕರೆದುಕೊಂಡು ಬಂದು ಹೊಳೆಯ ಮಧ್ಯದಲ್ಲಿ ಕೈಬಿಟ್ಟರಲ್ಲ ಎನಿಸುತ್ತದೆ. ಫ್ರಾನ್ಸಿನ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಕೃತಿಯಲ್ಲೂ ಹೀಗೆಯೇ ಇಂದ್ರಿಯಗಳ ಮೋಸ, ಕನಸಿನ ವಾದ ಎರಡೂ ಬರುತ್ತವೆ. ಅವನು ಹೊಳೆ ದಾಟಿದ್ದು ಯೋಚಿಸುತ್ತಿರುವ ನಾನಂತೂ ಇದ್ದೇನೆ ಎಂಬ ಹಲಗೆಯ ಮೇಲೆ. ನಮ್ಮ ಭಾಷಣಕಾರರು ಡೆಕಾರ್ಟ್ ಗಝ್ಝಾಲಿಯವರಿಂದಲೇ ಕದ್ದ ಎಂದು ಹೆಮ್ಮೆಪಡುವುದುಂಟು. ಕದ್ದ ಎನ್ನಲು ಪುರಾವೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇಬ್ಬರೂ ತಲುಪಿದ ದಡಗಳು ಬೇರೆ. ಗಝ್ಝಾಲಿಯವರಿಗೆ ಸಿಕ್ಕಿದ್ದು ಕೊಡುಗೆಯಾಗಿ ಬಂದ ಭರವಸೆ. ಮೊದಲ ತತ್ವಗಳಿಗೆ ಪುರಾವೆ ಕೇಳಿದರೆ, ಪುರಾವೆ ಕೊಡಲಿಕ್ಕೂ ಮೊದಲ ತತ್ವಗಳೇ ಬೇಕು. ಆದ್ದರಿಂದ ಬುದ್ಧಿಯನ್ನು ನಂಬುವುದೂ ಒಂದು ಅನುಗ್ರಹವೇ ಎಂಬ ಅವರ ತೀರ್ಮಾನವನ್ನು ಪಲಾಯನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇಷ್ಟಂತೂ ಹೇಳಬೇಕು: ಬೆಳಕು ಬಂದ ಮೇಲೆ ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ. ಇನ್ನೂ ಮೊದಲ ಅಧ್ಯಾಯವೇ ಮುಗಿದಿಲ್ಲ.

ಕುರುಡು ಅನುಕರಣೆಯ ಬಗ್ಗೆ, ಅಂದರೆ ತಖ್ಲೀದ್ ಬಗ್ಗೆ, ಅವರು ಕೊಡುವ ಹೋಲಿಕೆಯೊಂದಿದೆ. ತಾನು ಅನುಕರಿಸುತ್ತಿದ್ದೇನೆ ಎಂಬುದು ಗೊತ್ತಿಲ್ಲದವನೇ ಅನುಕರಿಸಬಲ್ಲ. ಗೊತ್ತಾದ ಕ್ಷಣ ಗಾಜು ಒಡೆಯಿತು. ಆ ಚೂರುಗಳನ್ನು ಜೋಡಿಸಿ ಅಂಟಿಸಲಾಗದು. ಬೆಂಕಿಯಲ್ಲಿ ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ಸಂಶಯಗೊಂಡ ಯುವಕನನ್ನು ಗದರಿಸಿ ಮಸೀದಿಗೆ ಎಳೆದುಕೊಂಡು ಬರುವ ಹಿರಿಯರು ಮಾಡುವುದು ಅಂಟಿಸುವ ಕೆಲಸ. ನಾಲ್ಕು ಶುಕ್ರವಾರ ಅದು ನಿಲ್ಲುತ್ತದೆ.

ಸತ್ಯವನ್ನು ಹುಡುಕುವವರು ತನ್ನ ಕಾಲದಲ್ಲಿ ನಾಲ್ಕು ಗುಂಪಿನವರು ಎಂದು ಗಝ್ಝಾಲಿಯವರು ವಿಂಗಡಿಸುತ್ತಾರೆ: ಇಲ್ಮುಲ್ ಕಲಾಮಿನವರು, ತತ್ವಜ್ಞಾನಿಗಳು, ನಿಷ್ಪಾಪಿ ಇಮಾಮರಿಂದಲೇ ಕಲಿಯಬೇಕೆನ್ನುವ ಬಾತಿನಿಗಳು, ಸೂಫಿಗಳು. ಕಲಾಮಿನ ಬಗ್ಗೆ ಅವರ ಮಾತು ಚಿಕ್ಕದು, ಸ್ವಲ್ಪ ಕಟುವಾದದ್ದು. ಅದು ತನ್ನ ಕೆಲಸಕ್ಕೆ ಸಾಕಾಗುತ್ತದೆ, ನನ್ನ ಕೆಲಸಕ್ಕೆ ಸಾಲದು ಎನ್ನುತ್ತಾರೆ. ನಂಬಿಕೆಗೆ ಬೇಲಿ ಹಾಕುವ ವಿದ್ಯೆ ಅದು. ಬೇಲಿಯೊಳಗೆ ಏನಿದೆ ಎಂದು ಕೇಳುವವನಿಗೆ ಅದರಿಂದ ಪ್ರಯೋಜನವಿಲ್ಲ.

ತತ್ವಜ್ಞಾನಿಗಳ ಭಾಗ ಹಾಗಲ್ಲ. ಒಂದು ವಿದ್ಯೆಯ ಪಂಡಿತರ ಮಟ್ಟಕ್ಕೆ ಏರದೆ ಅದನ್ನು ಖಂಡಿಸುವುದು ಕತ್ತಲಲ್ಲಿ ಬಾಣ ಬಿಟ್ಟಂತೆ ಎಂದು ನಂಬಿದ್ದ ಅವರು, ಪಾಠ ಪ್ರವಚನಗಳ ನಡುವೆ ಬಿಡುವು ಮಾಡಿಕೊಂಡು ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಗುರುವಿಲ್ಲದೆ ಆ ಗ್ರಂಥಗಳನ್ನು ಓದಿ ಮುಗಿಸಿದರು. ಮತ್ತೊಂದು ವರ್ಷ ಅದನ್ನೇ ಮೆಲುಕು ಹಾಕಿದರು. ಹಾಗೆ ಓದಿದವರು ಬರೆದ ಎಚ್ಚರಿಕೆಯಲ್ಲಿ ಎರಡು ಮುಖಗಳಿವೆ. ಗಣಿತದಲ್ಲಿ ಇವರು ಇಷ್ಟು ನಿಖರ, ಆದ್ದರಿಂದ ದೇವರ ವಿಷಯದಲ್ಲೂ ಇವರು ಹೇಳಿದ್ದೇ ಸರಿ ಎಂದುಕೊಳ್ಳುವವನು ಒಬ್ಬ. ಇನ್ನೊಬ್ಬ ಇಸ್ಲಾಮಿನ ಅಜ್ಞಾನಿ ಮಿತ್ರ. ತತ್ವಜ್ಞಾನಿಗಳಿಂದ ಬಂದದ್ದೆಲ್ಲವನ್ನೂ ನಿರಾಕರಿಸುವುದೇ ಧರ್ಮಸೇವೆ ಎಂದುಕೊಂಡು ಅವನು ಸೂರ್ಯ ಚಂದ್ರ ಗ್ರಹಣಗಳ ಲೆಕ್ಕಾಚಾರವನ್ನೂ ಅಲ್ಲಗಳೆಯುತ್ತಾನೆ. ಆ ಲೆಕ್ಕ ಗೊತ್ತಿರುವವನು ಇದನ್ನು ಕೇಳಿದರೆ ಲೆಕ್ಕವನ್ನು ಸಂಶಯಿಸುವುದಿಲ್ಲ. ಇಸ್ಲಾಮ್ ಅಜ್ಞಾನದ ಮೇಲೆ ನಿಂತಿದೆ ಎಂದು ತಿಳಿಯುತ್ತಾನೆ. ಧರ್ಮಕ್ಕೆ ಇಂತಹ ಮಿತ್ರನಿಂದಾಗುವ ಹಾನಿ ದೊಡ್ಡದು ಎಂದು 900 ವರ್ಷಗಳ ಹಿಂದೆ ಬರೆದವರನ್ನು ವಿಜ್ಞಾನದ ವೈರಿ ಎಂದು ಕರೆಯುವುದು ಅವರನ್ನು ಓದದೆ ಇರುವವರಿಗೆ ಮಾತ್ರ ಸಾಧ್ಯ. ಅವರನ್ನು ಹೊಗಳುವ ನಮ್ಮವರಲ್ಲೂ ಅಂತಹ ಮಿತ್ರರಿಗೆ ಬರವಿಲ್ಲ ಎಂಬುದೂ ನಿಜವೇ.

ಹಿಜಾಮಾ ಮಾಡುವವನ ಬಟ್ಟಲಿನಲ್ಲಿ ಜೇನು ಹಾಕಿಟ್ಟರೆ ಜನರಿಗೆ ಹೇಸಿಗೆಯಾಗುತ್ತದೆ. ಆ ಬಟ್ಟಲು ಇರುವುದು ಕೆಟ್ಟ ರಕ್ತಕ್ಕೆ ಎಂಬುದು ಹೇಸಿಗೆಗೆ ಕಾರಣ. ಆದರೆ ಜೇನು ಬಟ್ಟಲಿನಿಂದ ಕೆಡುವುದಿಲ್ಲ. ಮಾತನ್ನು ಆಡಿದವನ ಹೆಸರು ನೋಡಿ ಒಪ್ಪುವ, ಬಿಡುವ ಜನರಿಗೆ ಅವರು ಕೊಡುವ ಉಪಮೆ ಇದು. ಸತ್ಯವನ್ನು ಜನರಿಂದ ಅಳೆಯಬೇಡ, ಸತ್ಯವನ್ನು ಅರಿತರೆ ಅದರ ಜನರನ್ನೂ ಅರಿಯುವೆ ಎಂಬರ್ಥದ ಹಝ್ರತ್ ಅಲಿಯವರ(ರ) ಮಾತನ್ನು ಅವರು ಇಲ್ಲಿ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅದೇ ಉಸಿರಿನಲ್ಲಿ, ಎಲ್ಲರೂ ಎಲ್ಲ ಪುಸ್ತಕ ಓದಬೇಕಾಗಿಲ್ಲ ಎಂದೂ ಹೇಳುತ್ತಾರೆ. ಹಾವಾಡಿಗ ತನ್ನ ಪುಟ್ಟ ಮಗುವಿನ ಎದುರು ಹಾವನ್ನು ಮುಟ್ಟಬಾರದು, ಅದು ತಾನೂ ಅಪ್ಪನಂತೆ ಎಂದುಕೊಂಡು ಕೈ ಹಾಕೀತು. ಈಜು ಬಾರದವನನ್ನು ದಡದಲ್ಲಿ ತಡೆಯಬೇಕು. ಈ ಭಾಗವನ್ನು ಓದುವಾಗಲೆಲ್ಲ ನನಗೆ ಕಸಿವಿಸಿ. ಯಾರು ಮಗು, ಯಾರು ಹಾವಾಡಿಗ ಎಂದು ತೀರ್ಮಾನಿಸುವವರು ಯಾರು? ಗುರುವಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಅದೇ ನೀರಿಗೆ ಧುಮುಕಿದ್ದವರು ಈ ಮಾತನ್ನು ಹೇಳುತ್ತಿದ್ದಾರೆ.

ಎದುರಾಳಿಯ ಪ್ರಶ್ನೆಯನ್ನು ಎಷ್ಟು ಬಲವಾಗಿ ಮಂಡಿಸಬೇಕು ಎಂಬ ಚರ್ಚೆ ಇದಕ್ಕಿಂತ ಒಳ್ಳೆಯದು. ಬಾತಿನಿಗಳ ವಾದವನ್ನು ಗಝ್ಝಾಲಿಯವರು ಅವರಿಗಿಂತ ಚೆನ್ನಾಗಿ ಬರೆದು ಆಮೇಲೆ ಖಂಡಿಸಿದ್ದರು. ಇದು ಅವರಿಗೇ ದುಡಿದುಕೊಟ್ಟಂತಾಯಿತು ಎಂದು ಸ್ವಪಕ್ಷದವರೊಬ್ಬರು ಆಕ್ಷೇಪಿಸಿದರು. ಈ ಆಕ್ಷೇಪಕ್ಕೂ ಹಿರಿಯರ ಆಧಾರವಿತ್ತು. ಹಾರಿಸ್ ಅಲ್ ಮುಹಾಸಿಬಿಯವರು ಮುಅ್‌ತಝಿಲಾಗಳ ಖಂಡನೆ ಬರೆದಾಗ ಇಮಾಮ್ ಅಹ್ಮದ್ ಬಿನ್ ಹಂಬಲ್(ರಹ್) ಒಪ್ಪಿರಲಿಲ್ಲ: ನೀನು ಮೊದಲು ಅವರ ಸಂಶಯವನ್ನು ವಿವರಿಸಿದ್ದೀ, ಓದುವವನ ಮನಸ್ಸಿನಲ್ಲಿ ಸಂಶಯ ಕುಳಿತು ಉತ್ತರ ಕುಳಿತುಕೊಳ್ಳದಿದ್ದರೆ? ಗಝ್ಝಾಲಿಯವರು ಇಮಾಮ್ ಅಹ್ಮದರ ಮಾತು ಸರಿ ಎಂದೇ ಒಪ್ಪುತ್ತಾರೆ. ಆದರೆ ಅದು ಇನ್ನೂ ಹರಡದ ಸಂಶಯಕ್ಕೆ. ಹರಡಿದ ಮೇಲೆ ಉತ್ತರಿಸಲೇಬೇಕು. ಪ್ರಶ್ನೆಯನ್ನು ಪೂರ್ತಿ ಹೇಳದೆ ಉತ್ತರ ಹೇಳಲಾಗದು. ಒಂದು ಷರತ್ತನ್ನೂ ಸೇರಿಸುತ್ತಾರೆ: ಎದುರಾಳಿ ಕೇಳದ ಪ್ರಶ್ನೆಯನ್ನು ನಾವೇ ಕಟ್ಟಿ ಅವನ ಬಾಯಿಗೆ ಹಾಕಬಾರದು. ಇಂದಿನ ಧಾರ್ಮಿಕ ವಾಗ್ವಾದಗಳ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಈ ಷರತ್ತಿನ ಬೆಲೆ ತಿಳಿದೀತು. ಅಲ್ಲಿ ಎದುರಾಳಿಯ ಪ್ರಶ್ನೆ ಕೇಳಿಸುವುದು ಗೇಲಿಗೆ ಬೇಕಾದಷ್ಟೇ.

ಇಷ್ಟು ಹೇಳಿದ ಬಳಿಕ ಕೃತಿಯ ದೌರ್ಬಲ್ಯವನ್ನೂ ಹೇಳದಿದ್ದರೆ ಅದು ಅವರಿಗೇ ಮಾಡುವ ಅನ್ಯಾಯ. ಬಾತಿನಿಗಳ ವಾದವನ್ನು ನ್ಯಾಯವಾಗಿ ಮಂಡಿಸಿದ ಅವರಿಗೆ ಬಾತಿನಿಯ ಒಳಗಿನ ನೋವು ಕಾಣಿಸಲಿಲ್ಲ. ಆಲಿಮರು ಒಂದೊಂದು ಮಾತನಾಡುತ್ತಾರೆ, ಬುದ್ಧಿ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತದೆ, ಹಾಗಾದರೆ ತಪ್ಪದ ಗುರು ಒಬ್ಬನಾದರೂ ಬೇಡವೇ ಎಂಬುದು ಆ ಜನರ ಪ್ರಶ್ನೆ. ಗಝ್ಝಾಲಿಯವರ ಎರಡು ತಿಂಗಳ ಕಾಯಿಲೆಗೆ ಇದು ದೂರದ ನಂಟಲ್ಲ. ನಮಗೂ ತಪ್ಪದ ಗುರು ಇದ್ದಾರೆ, ಅವರು ಮುಹಮ್ಮದ್(ಸ) ಎಂಬ ಉತ್ತರ ಬಲವಾದದ್ದೇ. ಆದರೆ ಈ ಖಂಡನೆ ಬರೆಯಲು ತನ್ನೊಳಗಿನ ಒತ್ತಡದ ಜೊತೆಗೆ ಖಲೀಫರ ಆಜ್ಞೆಯೂ ಇತ್ತು ಎಂದು ಅವರೇ ತಿಳಿಸುತ್ತಾರೆ. ಖಲೀಫ ಮುಸ್ತಝ್‌ಹಿರ್ ಅವರಿಗಾಗಿ ಬರೆದ ಆ ಪುಸ್ತಕದಲ್ಲಿ ವಾದದ ಜೊತೆಗೆ ಆ ಪಂಥದವರ ಜೀವದ ಕುರಿತಾದ ಕಠಿಣ ತೀರ್ಪೂ ಇದೆ. ಹೌದು, ಬಾತಿನಿಗಳ ಒಂದು ಬಣ ಕಠಾರಿ ಹಿಡಿದಿದ್ದ ಕಾಲ ಅದು. 1092ರಲ್ಲಿ ನಿಝಾಮುಲ್ ಮುಲ್ಕ್ ಅವರ ಕೊಲೆಯಾಗಿತ್ತು. ಆದರೂ ತನ್ನ ಆಶ್ರಯದಾತನ ಆ ಕೊಲೆಯ ಬಗ್ಗೆ ಈ ಆತ್ಮಕಥನದಲ್ಲಿ ಒಂದು ಸಾಲೂ ಇಲ್ಲ. ತಾನು ಬಾಗಿಲು ಹಾಕಿಕೊಂಡು ಕುಳಿತಿದ್ದ ಬೈತುಲ್ ಮುಖದ್ದಿಸ್ 1099ರಲ್ಲಿ ಕ್ರುಸೇಡರ ಪಾಲಾದುದರ ಬಗ್ಗೆಯೂ ಇಲ್ಲ.

ತತ್ವಜ್ಞಾನಿಗಳ ಇಪ್ಪತ್ತು ತಪ್ಪುಗಳಲ್ಲಿ ಮೂರನ್ನು ಕುಫ್ರ್ ಎಂದು ಘೋಷಿಸಿದ ನಿಲುವನ್ನು ಅವರು ಇಲ್ಲೂ ಬಿಟ್ಟುಕೊಡುವುದಿಲ್ಲ: ಜಗತ್ತು ಅನಾದಿ, ದೇವರಿಗೆ ಬಿಡಿ ಸಂಗತಿಗಳು ತಿಳಿಯವು, ಪುನರುತ್ಥಾನ ದೇಹಕ್ಕಲ್ಲ ಎಂಬ ಮೂರು. ಕುರ್ತುಬಾದ ಇಬ್ನು ರುಶ್ದ್ (1126–1198) ಇದಕ್ಕೆ ಕೊಟ್ಟ ಉತ್ತರ ಗಝ್ಝಾಲಿಯವರ ಅಸ್ತ್ರದಿಂದಲೇ ಮಾಡಿದ್ದು. ಒಮ್ಮತವನ್ನು ಮೀರಿದವನನ್ನು ಕಾಫಿರ್ ಎನ್ನುವ ವಿಷಯದಲ್ಲಿ ನಿಶ್ಚಯವಾಗಿ ಏನೂ ಹೇಳಲಾಗದು ಎಂದು ಗಝ್ಝಾಲಿಯವರೇ ‘ಫೈಸಲುತ್ತಫ್ರಿಖಾ’ದಲ್ಲಿ ಸೂಚಿಸಿದ್ದಾರಲ್ಲ ಎಂದು ಅವರು ನೆನಪಿಸಿದರು. ತಪ್ಪೆಂದು ತೋರಿಸುವುದು ಒಂದು, ಹೊರಗೆ ಹಾಕುವುದು ಇನ್ನೊಂದು. ಇಪ್ಪತ್ತು ವಾದಗಳನ್ನು ಎಷ್ಟು ಶ್ರಮಪಟ್ಟು ಎದುರಿಸಿದ ಮನುಷ್ಯ ಕೊನೆಯಲ್ಲಿ ಕಾನೂನಿನ ಭಾಷೆಗೆ ತಿರುಗಿದ್ದು ಆ ಶ್ರಮಕ್ಕೆ ಶೋಭೆ ತರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಈ ಕೃತಿಯ ಹೃದಯಕ್ಕೆ ಬರೋಣ. ಗಝ್ಝಾಲಿಯವರ ಬಗ್ಗೆ ಬರುವ ಪರಿಚಯ ಲೇಖನಗಳಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನುಸುಳುತ್ತದೆ. ಅವರಿಗೆ ದೇವರ ಬಗ್ಗೆ ಸಂಶಯ ಬಂತು, ಮಾತು ನಿಂತುಹೋಯಿತು, ಕೆಲಸ ಬಿಟ್ಟು ಸೂಫಿಯಾದರು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಪುಸ್ತಕದಲ್ಲಿ ಇರುವುದು ಒಂದಲ್ಲ, ಎರಡು ಬಿಕ್ಕಟ್ಟುಗಳು. ಎರಡು ತಿಂಗಳ ಸಂಶಯ ಮೊದಲಿನದು, ಅದು ವಾಸಿಯಾಗಿತ್ತು. 1095ರ ಜುಲೈಯಲ್ಲಿ, ಹಿಜರಿ 488ರ ರಜಬ್ ತಿಂಗಳಲ್ಲಿ ಬಂದದ್ದು ಬೇರೆಯೇ. ಆಗ ಅವರಿಗೆ ದೇವರ ಬಗ್ಗೆ, ಪ್ರವಾದಿತ್ವದ ಬಗ್ಗೆ, ಪರಲೋಕದ ಬಗ್ಗೆ ಸಂಶಯವಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಸಂಶಯ ಬಂದದ್ದು ತನ್ನ ಮೇಲೆ. ನಾನು ಪಾಠ ಹೇಳುತ್ತಿರುವುದು ಯಾರಿಗಾಗಿ? ನೋಡಿದರೆ ನಿಯ್ಯತ್ತು ಅಲ್ಲಾಹನಿಗಾಗಿ ಇರಲಿಲ್ಲ; ಕೀರ್ತಿ, ಸ್ಥಾನ, ಹೆಸರು. ಕುಸಿಯುತ್ತಿರುವ ದಡದ ಅಂಚಿನಲ್ಲಿ ನಿಂತಿದ್ದೇನೆ ಎಂದು ಅವರಿಗೆ ಖಚಿತವಾಯಿತು.

ಆ ಮೇಲಿನ ಆರು ತಿಂಗಳ ವಿವರಣೆ ನನ್ನ ಮಟ್ಟಿಗೆ ಯಾವ ಕಾದಂಬರಿಗೂ ಕಡಿಮೆಯಲ್ಲ. ಒಂದು ದಿನ ಹೊರಡುವುದೆಂದು ನಿಶ್ಚಯ, ಮರುದಿನ ನಿಶ್ಚಯ ಸಡಿಲ. ಬೆಳಗಿನ ಸಂಕಲ್ಪವನ್ನು ಸಂಜೆಯ ಆಸೆಗಳ ಸೈನ್ಯ ಬಂದು ಒಡೆದುಹಾಕುತ್ತದೆ. ಇದು ತಾತ್ಕಾಲಿಕ, ಇಂತಹ ಸ್ಥಾನ ಬಿಟ್ಟರೆ ಮತ್ತೆ ಸಿಗದು ಎಂದು ಶೈತಾನನ ಪಿಸುಮಾತು. ಕೊನೆಗೆ ಆಯ್ಕೆ ಅವರ ಕೈ ಮೀರಿತು. ತರಗತಿಯಲ್ಲಿ ಕುಳಿತರೆ ನಾಲಿಗೆ ಏಳಲಿಲ್ಲ. ವಿದ್ಯಾರ್ಥಿಗಳನ್ನು ಮೆಚ್ಚಿಸಲಾದರೂ ಒಂದು ದಿನ ಪಾಠ ಹೇಳೋಣವೆಂದರೆ ಒಂದು ಪದವೂ ಹೊರಡಲಿಲ್ಲ. ಗುಟುಕು ನೀರು ಇಳಿಯಲಿಲ್ಲ, ತುತ್ತು ಜೀರ್ಣವಾಗಲಿಲ್ಲ. ವೈದ್ಯರು ಕೈಚೆಲ್ಲಿದರು: ಇದು ಹೃದಯಕ್ಕೆ ಬಂದು ದೇಹಕ್ಕೆ ಇಳಿದ ರೋಗ, ಒಳಗಿನ ಚಿಂತೆ ಹೋಗದೆ ಮದ್ದಿಲ್ಲ. ಹಣವನ್ನು ಹಂಚಿ, ಮಕ್ಕಳಿಗೆ ಬೇಕಾದಷ್ಟನ್ನು ಇಟ್ಟು, ಮಕ್ಕಾಕ್ಕೆ ಎಂದು ಹೇಳಿ ಅವರು ಶಾಮ್‌ಗೆ ಹೊರಟರು. ಖಲೀಫರಿಗೂ ಗೆಳೆಯರಿಗೂ ನಿಜವಾದ ಗುರಿ ತಿಳಿಯಬಾರದೆಂದು ಹೀಗೆ ಮಾಡಿದೆ ಎಂದು ಮುಚ್ಚಿಡದೆ ಬರೆಯುತ್ತಾರೆ.

ಇರಾಕಿನ ಆಲಿಮರಿಗೆ ಇದು ಅರ್ಥವಾಗಲಿಲ್ಲ. ಅವರ ದೃಷ್ಟಿಯಲ್ಲಿ ಆ ಹುದ್ದೆಯೇ ಧರ್ಮದ ಅತ್ಯುನ್ನತ ಸ್ಥಾನ. ಧರ್ಮಕ್ಕಾಗಿ ಅದನ್ನು ಬಿಡಬಹುದೆಂಬ ಯೋಚನೆಯೇ ಅವರಲ್ಲಿ ಹುಟ್ಟಲಿಲ್ಲ. ದೂರದವರು ಸರಕಾರಕ್ಕೆ ಹೆದರಿ ಓಡಿದರು ಎಂದರು. ಅಧಿಕಾರಸ್ಥರು ಅವರನ್ನು ಅಂಗಲಾಚುತ್ತಿದ್ದುದನ್ನು ಕಂಡಿದ್ದ ಹತ್ತಿರದವರು, ಮುಸ್ಲಿಮರ ಮೇಲೆ ಯಾರದೋ ಕಣ್ಣು ಬಿತ್ತು ಎಂದರು.

ಮೊದಲ ಬಿಕ್ಕಟ್ಟಿನಲ್ಲಿ ಅವರು ಸತ್ಯವನ್ನು ಪ್ರಶ್ನಿಸಿದರು. ಎರಡನೆಯದರಲ್ಲಿ ಪ್ರಶ್ನಿಸುತ್ತಿದ್ದವನನ್ನೇ ಪ್ರಶ್ನಿಸಿದರು. ಆರೋಗ್ಯದ ವ್ಯಾಖ್ಯೆ ಗೊತ್ತಿರುವುದಕ್ಕೂ ಆರೋಗ್ಯವಂತನಾಗಿರುವುದಕ್ಕೂ ಎಷ್ಟು ಅಂತರ ಎಂದು ಸೂಫಿಗಳ ಅಧ್ಯಾಯದಲ್ಲಿ ಕೇಳುತ್ತಾರೆ. ಕಾಯಿಲೆ ಬಿದ್ದ ವೈದ್ಯನಿಗೆ ವ್ಯಾಖ್ಯೆ, ಕಾರಣ, ಮದ್ದು ಎಲ್ಲವೂ ಗೊತ್ತು, ಆರೋಗ್ಯ ಮಾತ್ರ ಇಲ್ಲ. ಕನ್ನಡ ಓದುಗನಿಗೆ ಇಲ್ಲಿ ‘ಶೂನ್ಯಸಂಪಾದನೆ’ ನೆನಪಾಗದೆ ಇರದು. ಅಲ್ಲಿ ಅಲ್ಲಮ ಎದುರಿಗೆ ಬಂದ ಶರಣರನ್ನು ಕೇಳುವ ಪ್ರಶ್ನೆಗಳೂ ಕೊನೆಗೆ ನಿನ್ನ ನಡೆ ಎಲ್ಲಿದೆ ಎಂಬ ಕಡೆಗೇ ತಿರುಗುತ್ತವೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲು ನನಗೆ ಇಷ್ಟವಿಲ್ಲ.

ಹಾಗಾದರೆ ಈ ಪ್ರಾಮಾಣಿಕತೆಯ ಕಥನ ಪೂರ್ತಿ ಪ್ರಾಮಾಣಿಕವೇ? ಪ್ರಶ್ನೆ ಕಷ್ಟದ್ದು, ಆದರೆ ಗಝ್ಝಾಲಿಯವರ ಓದುಗ ಅದನ್ನು ಕೇಳಲೇಬೇಕು. ನಡೆದು ಹತ್ತು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ ಬರೆದದ್ದು. ನಾಲ್ಕು ಗುಂಪುಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಬರುತ್ತವೆ. ಬದುಕು ಇಷ್ಟು ಕ್ರಮವಾಗಿ ನಡೆಯುವುದಿಲ್ಲ. ಅವರ ಪಾರಸಿ ಪತ್ರವೊಂದರಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಹಿಜರಿ 489ರಲ್ಲಿ ಅಲ್ ಖಲೀಲ್ ನಗರದಲ್ಲಿ ಪ್ರವಾದಿ ಇಬ್ರಾಹೀಮರ(ಅ) ಸಮಾಧಿಯ ಬಳಿ ನಿಂತು, ಇನ್ನು ಯಾವ ಅರಸನ ಹಣವನ್ನೂ ಮುಟ್ಟುವುದಿಲ್ಲ, ಯಾವ ದರ್ಬಾರಿಗೂ ಹೋಗುವುದಿಲ್ಲ, ವಾಗ್ವಾದಕ್ಕೆ ಇಳಿಯುವುದಿಲ್ಲ ಎಂದು ಅವರು ಪ್ರತಿಜ್ಞೆ ಮಾಡಿದ್ದರು. ಆತ್ಮಕಥನದಲ್ಲಿ ಈ ಪ್ರತಿಜ್ಞೆಯ ಸುಳಿವಿಲ್ಲ. ಬರೆಯುವ ಹೊತ್ತಿಗೆ ಅವರು ನೈಸಾಪುರದ ಸರಕಾರಿ ಪೀಠಕ್ಕೆ ಮರಳಿದ್ದರು. ಆಗ ಹೇಳಿಕೊಡುತ್ತಿದ್ದ ವಿದ್ಯೆ ಸ್ಥಾನ ಗಳಿಸುವಂಥದ್ದು, ಈಗ ಹೇಳಿಕೊಡುವುದು ಸ್ಥಾನ ಬಿಡಿಸುವಂಥದ್ದು, ಆದ್ದರಿಂದ ಇದು ಮರಳುವುದಲ್ಲ ಎಂದು ಸಮರ್ಥಿಸಿಕೊಳ್ಳುತ್ತಾರೆ. ಈ ಸಮರ್ಥನೆಯ ಸಾಲುಗಳಲ್ಲಿ ಒಬ್ಬ ಮನುಷ್ಯ ತನ್ನನ್ನು ತಾನೇ ಒಪ್ಪಿಸಲು ಯತ್ನಿಸುತ್ತಿರುವ ದನಿ ನನಗೆ ಕೇಳಿಸುತ್ತದೆ. ಅದು ಕೃತಿಯ ಬೆಲೆಯನ್ನು ಕಡಿಮೆ ಮಾಡಿತು ಎಂದು ಅನಿಸಿಲ್ಲ.

ಅಂದಲೂಸಿನ ಇಬ್ನು ತುಫೈಲ್ ಅವರಿಗೆ ಇಷ್ಟು ಸೈರಣೆ ಇರಲಿಲ್ಲ. ಗಝ್ಝಾಲಿಯವರು ಒಂದು ಕಡೆ ಕಟ್ಟುತ್ತಾರೆ, ಇನ್ನೊಂದು ಕಡೆ ಬಿಚ್ಚುತ್ತಾರೆ ಎಂದು ‘ಹಯ್ಯ್ ಬಿನ್ ಯಖ್‌ಝಾನ್’ ಕಥೆಯ ಪೀಠಿಕೆಯಲ್ಲಿ ಚುಚ್ಚಿದ್ದಾರೆ. ಆ ಕಥೆಯ ಹಯ್ಯ್‌ಗೆ ತಂದೆ ತಾಯಿಯಿಲ್ಲ, ಉಸ್ತಾದರಿಲ್ಲ. ಜನರಿಲ್ಲದ ದ್ವೀಪದಲ್ಲಿ ಹಾಲೂಡಿಸಿ ಸಾಕಿದ ಜಿಂಕೆ ಸತ್ತಾಗ, ಇಷ್ಟು ಹೊತ್ತು ಇದರೊಳಗಿದ್ದು ಈಗ ಹೊರಟುಹೋದದ್ದು ಯಾವುದು ಎಂದು ಹುಡುಕುತ್ತಾ ಅವನು ದೇವರವರೆಗೆ ಹೋಗುತ್ತಾನೆ. ಮಗುವಿನ ಸಹಜ ಪ್ರಕೃತಿ ಯಾವುದು ಎಂಬ ಗಝ್ಝಾಲಿಯವರ ಪ್ರಶ್ನೆಗೆ ಕಥೆಯ ರೂಪದ ಉತ್ತರ ಇದು. ಸುಂದರವಾಗಿದೆ. ಆದರೆ ನಾವು ಯಾರೂ ದ್ವೀಪದಲ್ಲಿ ಹುಟ್ಟಿದವರಲ್ಲ. ಮನೆಯಲ್ಲಿ, ಮೊಹಲ್ಲಾದಲ್ಲಿ, ನಾಲ್ಕು ಜನರ ನಡುವೆ ಕೇಳಬೇಕಾದವರು.

ಅಲ್ಲಿ ಕೇಳಿದರೆ ಮೊದಲು ಎದುರಾಗುವುದು ನಿಯ್ಯತ್ತಿನ ತಪಾಸಣೆ ಎಂದು ಆರಂಭದಲ್ಲೇ ಹೇಳಿದೆ. ಇದಕ್ಕೂ ಗಝ್ಝಾಲಿಯವರ ಆಧಾರ ಸಿಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಶಿಷ್ಯನೊಬ್ಬನಿಗೆ ಬರೆದ ‘ಅಯ್ಯುಹಲ್ ವಲದ್’ ಎಂಬ ಕಿರುಪತ್ರದಲ್ಲಿ ಅವರು ಕೇಳುವವರನ್ನು ನಾಲ್ಕು ಬಗೆಯ ರೋಗಿಗಳಾಗಿ ವಿಂಗಡಿಸುತ್ತಾರೆ. ಹೊಟ್ಟೆಕಿಚ್ಚಿನಿಂದ ಕೇಳುವವನು, ಮೂರ್ಖತನದಿಂದ ಕೇಳುವವನು, ದಾರಿ ಬೇಕೆಂದು ಕೇಳಿದರೂ ಗ್ರಹಿಸಲಾಗದವನು. ಈ ಮೂವರಿಗೆ ಉತ್ತರ ಬೇಡ. ನಾಲ್ಕನೆಯವನು ಬುದ್ಧಿಯುಳ್ಳ, ದಾರಿ ಹುಡುಕುವ ಮನುಷ್ಯ, ಅವನಿಗೆ ಉತ್ತರಿಸಲೇಬೇಕು. ತನ್ನ ಶಿಷ್ಯನನ್ನು ಬಲ್ಲ ಗುರು, ವ್ಯರ್ಥ ವಾಗ್ವಾದಕ್ಕೆ ಇಳಿಯದಂತೆ ಆ ಶಿಷ್ಯನಿಗೆ ಹೇಳಿದ ಮಾತು ಇದು. ನಮ್ಮ ಕಾಲದಲ್ಲಿ ಇದು ಹಿಡಿದ ರೂಪ ಬೇರೆ. ಇಷ್ಟವಾಗದ ಪ್ರಶ್ನೆ ಬಂದೊಡನೆ ಕೇಳಿದವನನ್ನು ಮೊದಲ ಮೂರರಲ್ಲಿ ಒಂದಕ್ಕೆ ಹಾಕಿಬಿಡುವುದು. ಹೆಣ್ಣುಮಗಳು ಕೇಳಿದರೆ ಇನ್ನೂ ಸುಲಭ. ಗಝ್ಝಾಲಿಯವರು ತನ್ನ ನಿಯ್ಯತ್ತನ್ನು ಅಳೆಯಲು ಬಳಸಿದ ತಕ್ಕಡಿ ನಮ್ಮ ಕೈಯಲ್ಲಿ ಇನ್ನೊಬ್ಬರನ್ನು ತೂಗುವ ತಕ್ಕಡಿಯಾಯಿತು.

ಕುರ್‌ಆನ್ ಏನು ಹೇಳುತ್ತದೆ ಎಂದು ಕೇಳುವವರಿಗೆ, ತಿಳಿಸಿದರೆ ನಿಮಗೇ ಕಷ್ಟವಾಗುವ ವಿಷಯಗಳನ್ನು ಕೇಳಬೇಡಿರೆಂಬ ಅಲ್ ಮಾಇದಾ ಅಧ್ಯಾಯದ ವಚನವನ್ನು ತೋರಿಸುವುದುಂಟು. ಆ ವಚನ ಅವತೀರ್ಣವಾದ ಸಂದರ್ಭವಾಗಿ ಹದೀಸ್‌ಗಳಲ್ಲಿ ಬರುವುದು ನನ್ನ ತಂದೆ ಯಾರು ಎಂಬಂತಹ ಪ್ರಶ್ನೆಗಳು, ಅನಗತ್ಯವಾಗಿ ಕಡ್ಡಾಯಗಳನ್ನು ಹೆಚ್ಚಿಸಿಕೊಳ್ಳುವ ಪ್ರಶ್ನೆಗಳು. ಹಝ್ರತ್ ಖಿದ್ರ್ ಅವರ ಜೊತೆಗೆ ನಡೆದ ಮೂಸಾ(ಅ) ಕೇಳಬಾರದೆಂಬ ಷರತ್ತಿಗೆ ಒಪ್ಪಿಯೂ ಮೂರು ಬಾರಿ ತಡೆದುಕೊಳ್ಳಲಾಗದೆ ಪ್ರಶ್ನಿಸಿದರು. ಜೊತೆ ಮುರಿಯಿತು, ಆದರೆ ಮೂರಕ್ಕೂ ಉತ್ತರ ಸಿ‌ಕ್ಕಿತು. ಸತ್ತದ್ದನ್ನು ನೀನು ಹೇಗೆ ಬದುಕಿಸುತ್ತೀ, ತೋರಿಸು ಎಂದು ಇಬ್ರಾಹೀಮ್(ಅ) ಅಲ್ಲಾಹನನ್ನೇ ಕೇಳಿದರು. ನಿನಗೆ ನಂಬಿಕೆಯಿಲ್ಲವೇ ಎಂಬ ಮರುಪ್ರಶ್ನೆ ಅಲ್ಲೂ ಬಂತು. ಇದೆ, ಮನಸ್ಸಿಗೆ ನೆಮ್ಮದಿ ಬೇಕು ಎಂದರು. ಆ ಮೇಲೆ ಗದರಿಕೆ ಬರಲಿಲ್ಲ. ನಾಲ್ಕು ಹಕ್ಕಿಗಳನ್ನು ತೆಗೆದುಕೋ ಎಂಬ ಆಜ್ಞೆ ಬಂತು. ಬಾಯಿಬಿಟ್ಟು ಹೇಳಲಾಗದಂತಹ ಯೋಚನೆಗಳು ನಮ್ಮ ಮನಸ್ಸಿಗೆ ಬರುತ್ತವೆ ಎಂದು ಸಹಾಬಿಗಳು ತೋಡಿಕೊಂಡಾಗ ಪ್ರವಾದಿಯವರು(ಸ) ಅದನ್ನು ಸತ್ಯವಿಶ್ವಾಸದ ಗುರುತಾಗಿಯೇ ಕಂಡ ಹದೀಸ್ ಮುಸ್ಲಿಮ್ ಸಂಗ್ರಹದಲ್ಲಿದೆ.

‘ಮುನ್‌ಕಿದ್’ನ ಕೊನೆಯ ಭಾಗವನ್ನು ಹೆಚ್ಚಿನವರು ಓದದೆ ಮುಚ್ಚಿಡುತ್ತಾರೆ, ಏಕೆಂದರೆ ಸೂಫಿಗಳ ಅಧ್ಯಾಯದೊಂದಿಗೆ ಕಥೆ ಮುಗಿದಂತೆ ತೋರುತ್ತದೆ. ಏಕಾಂತದಿಂದ ಹೊರಬಂದ ಗಝ್ಝಾಲಿಯವರು ಅಲ್ಲಿ ಮಾಡುವುದು ಒಂದು ವಿಚಿತ್ರ ಕೆಲಸ. ಧರ್ಮದ ಆಚರಣೆಯಲ್ಲಿ ಹಿಂದೆ ಬಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಪರಲೋಕವನ್ನು ನಂಬುತ್ತೀಯಾದರೆ ಅದಕ್ಕೆ ಸಿದ್ಧತೆ ಯಾಕೆ ಮಾಡುತ್ತಿಲ್ಲ, ನಂಬದಿದ್ದರೆ ನಿನ್ನ ಮನಸ್ಸಿನಲ್ಲಿರುವುದೇನು ಎಂದು ಕೇಳುತ್ತಾ ಹೋಗುತ್ತಾರೆ. ಮತ್ತು ಬಂದ ಉತ್ತರಗಳನ್ನು ಬರೆದಿಡುತ್ತಾರೆ. ಒಬ್ಬನೆಂದ: ಇದು ಅಷ್ಟು ಮುಖ್ಯವಾಗಿದ್ದರೆ ಆಲಿಮರು ಮೊದಲು ಪಾಲಿಸುತ್ತಿದ್ದರು, ಇಂಥ ಹೆಸರಾಂತ ಆಲಿಮ್ ನಮಾಝ್ ಮಾಡುವುದಿಲ್ಲ, ಇನ್ನೊಬ್ಬ ಕುಡಿಯುತ್ತಾನೆ, ಮತ್ತೊಬ್ಬ ವಕ್ಫ್ ಮತ್ತು ಯತೀಮರ ಹಣ ತಿನ್ನುತ್ತಾನೆ. ಇನ್ನೊಬ್ಬ ತಾನು ಆಚರಣೆಗಳ ಅಗತ್ಯವಿಲ್ಲದ ಸ್ಥಾನ ತಲುಪಿದ್ದೇನೆಂದ. ಮತ್ತೊಬ್ಬನಿಗೆ ಯಾವ ಪಂಥ ಸರಿ ಎಂದೇ ಗೊತ್ತಾಗುತ್ತಿಲ್ಲ. ತತ್ವಶಾಸ್ತ್ರ ಓದಿದ ಒಬ್ಬ ಇದ್ದ, ಕುಡಿಯುತ್ತಿದ್ದ, ನಮಾಝನ್ನೂ ಬಿಟ್ಟಿರಲಿಲ್ಲ. ಯಾಕೆ ಎಂದು ಕೇಳಿದರು. ದೇಹಕ್ಕೆ ವ್ಯಾಯಾಮ, ಊರಿನ ರೂಢಿ, ಆಸ್ತಿಗೂ ಹೆಂಡತಿ ಮಕ್ಕಳಿಗೂ ರಕ್ಷಣೆ ಎಂದು ಅವನು ಹೇಳಿದ ಕಾರಣಗಳನ್ನು ಗಝ್ಝಾಲಿಯವರು ಒಂದನ್ನೂ ಬಿಡದೆ ದಾಖಲಿಸಿದ್ದಾರೆ.